ಜಲಜಕ್ಕನ ಫೋಟೋಗೆ ಟಚಿಂಗ್

ಮೊನ್ನೆ ಅಂಗಡಿಗೆ ಸುಣ್ಣ ಹೊಡೆಸಿದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ನನ್ನ ಸ್ಟುಡಿಯೋದ ಗೋಡೆಗೆ ಯಾವ ಪೇಂಟೂ ನಿಲ್ಲುವುದಿಲ್ಲ. ಎಂಥ ದುಬಾರಿ ಡಬ್ಬ ತಂದು ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅಪ್ಪನ ಕಾಲದಿಂದಲೂ ಅದಕ್ಕೆ ಸುಣ್ಣವೇ ಗತಿ. ಬಳಿಯಲು ಬಂದವನಿಗೆ ಶೋಕೇಸಿನ ಫೋಟೋಗಳಿಗೆ ಪೇಪರ್ ಹೊದಿಸು ಅಂತ ಹೇಳಿಯೇ ಊಟಕ್ಕೆ ಹೋಗಿದ್ದೆ. ಪುಣ್ಯಾತ್ಮ ಹೊದಿಸಲಿಲ್ಲ. ಬಂದು ನೋಡಿದರೆ ಮದುಮಕ್ಕಳು, ತೊಟ್ಟಿಲ ಕೂಸುಗಳು, ಎಸ್ಸೆಲ್ಸಿ ಪಾಸಾದವರು, ಎಲ್ಲರ ಮುಖದ ಮೇಲೂ ಬಿಳಿ ಚುಕ್ಕಿ. ಬೈದುಕೊಳ್ಳುತ್ತಾ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಗಾಜು ಒರೆಸಿಕೊಂಡು ಬಂದವನು ಜಲಜಕ್ಕನ ಫೋಟೋದ ಎದುರಿಗೆ ನಿಂತುಬಿಟ್ಟೆ. ಅದರಲ್ಲಿ ಯಾವುದು ಸುಣ್ಣ, ಯಾವುದು ಅಲ್ಲ ಅಂತ ತಕ್ಷಣಕ್ಕೆ ಗೊತ್ತಾಗಲಿಲ್ಲ. ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ಮೂಡಿಗೆರೆ ಹೋಗಿ ಚಿಯಾಂಗ್ ಮಾಯ್ ಎಂಬ ಊರಿನ ಒಂದು ಬೀದಿ ಕಣ್ಣೆದುರಿಗೆ ಬಂತು.

ತೊಂಬತ್ತರ ದಶಕದ ನಡುವಿನ ಮಾತು ಇದು. ಕಾಫಿಗೆ ಯಾರೂ ಕನಸಿನಲ್ಲೂ ಎಣಿಸದ ಬೆಲೆ ಬಂದಿತ್ತು. ನಮ್ಮ ಕಡೆಯ ಬೆಳೆಗಾರರು ಮೊದಲು ಜೀಪು ಬದಲಿಸಿದರು, ಆಮೇಲೆ ಮನೆಯ ನೆಲ ಬದಲಿಸಿದರು, ಬದಲಿಸಲು ಮತ್ತೇನೂ ಉಳಿಯದೆ ಇದ್ದಾಗ ಫಾರಿನ್ ಟೂರ್ ಹೊರಟರು. ಹೊರಟ ಗುಂಪಿಗೆ ಮುಂದಾಳು ಸುಬ್ಬೇಗೌಡರು. ಥಾಯ್ಲೆಂಡಿನ ಉತ್ತರಕ್ಕೆ ಗುಡ್ಡಗಳ ಮೇಲೆ ಕಾಫಿ ಬೆಳೆಯುತ್ತಾರಂತೆ, ನೋಡಿಕೊಂಡು ಬರೋಣ ಎಂಬುದು ಹೊರಗೆ ಹೇಳಲು ಇಟ್ಟುಕೊಂಡ ಕಾರಣ. ಇಷ್ಟು ಜನ ಸೇರಿದರೆ ಒಂದು ಟಿಕೆಟ್ ಬಿಟ್ಟಿ ಅಂತ ಟೂರಿನವರು ಹೇಳಿದ್ದೇ ತಡ, ಗೌಡರು ನನ್ನ ಅಂಗಡಿಗೆ ಬಂದು ತಲೆಯ ಹ್ಯಾಟು ಕೂಡ ತೆಗೆಯದೆ ಕೂತರು. ಆ ಹ್ಯಾಟನ್ನು ಅವರು ಎಲ್ಲೂ ತೆಗೆಯುತ್ತಿರಲಿಲ್ಲ. ಒಳಗೆ ಕೂದಲು ಇರಲಿಲ್ಲ.

"ಪಾಸ್‌ಪೋರ್ಟ್ ಮಾಡ್ಸು ಮಾರಾಯ, ನೀನೂ ಹೊರಡು" ಅಂದರು. "ಯಾರ್ಯಾರ್ದೋ ಕೈಗೆ ಕ್ಯಾಮೆರಾ ಕೊಟ್ಟು ನಿಂತ್ಕಳದು ಎಂತಕ್ಕೆ? ಮದುವೇಲಿ ತೆಗೀತಿಯಲ್ಲ, ಹಂಗೇ ತೆಗಿ."

ಅಂದಿನಿಂದ ಇಡೀ ಗುಂಪಿಗೆ ನಾನು 'ಬಿಟ್ಟಿ ಟಿಕೆಟ್' ಆದೆ. ಹೆಸರಿಡುವುದರಲ್ಲಿ ನಮ್ಮೂರಿನವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಮದುವೆಯಲ್ಲಿ ತೆಗೆದ ಹಾಗೆ ಅಂದರೆ ಏನು ಅಂತ ಹೇಳಬೇಕು. ಆಗ ನಮ್ಮ ಕಸುಬೆಂದರೆ ಜನರನ್ನು ಅಲುಗದ ಹಾಗೆ ನಿಲ್ಲಿಸುವುದು. ಹಿರಿಯರು ಕುರ್ಚಿಯಲ್ಲಿ, ಕೈ ಮೊಣಕಾಲ ಮೇಲೆ. ಹೆಂಗಸರು ಹಿಂದೆ, ಎತ್ತರದವರು ಇನ್ನೂ ಹಿಂದೆ, ಮಕ್ಕಳು ಕೆಳಗೆ ಚಕ್ಕಳಮಕ್ಕಳ. 'ರೆಡೀ' ಅಂದ ಮೇಲೆ ನೊಣ ಕೂತರೂ ಯಾರೂ ಕೈ ಎತ್ತಬಾರದು. ಫೋಟೋ ತೆಗೆದಾದ ಮೇಲೆ ಕಸುಬಿನ ಇನ್ನೊಂದು ಅರ್ಧ, ಟಚಿಂಗ್. ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಇವನ್ನೆಲ್ಲ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಲ್ಲಿ ಮುಚ್ಚಬಹುದು. ಬಿಳಿ ಕಲೆಯನ್ನು ಮಾತ್ರ ಹಾಗೆ ಮುಚ್ಚಲಾಗದು. ಅದಕ್ಕೆ ಪ್ರಿಂಟಿನ ಮೇಲೆಯೇ ಸಣ್ಣ ಕುಂಚದಲ್ಲಿ ತೆಳು ಮಸಿ ಇಟ್ಟು ಚುಕ್ಕಿ ಚುಕ್ಕಿಯಾಗಿ ತುಂಬಬೇಕು. ಟಚಿಂಗಿನಲ್ಲಿ ನನ್ನ ಕೈ ಬಲು ನಯ ಅಂತ ಕಳಸದವರೆಗೂ ಹೆಸರಿತ್ತು. ಹುಡುಗಿ ನೋಡಲು ಹೋಗುವ ಮುಂಚೆ ನನ್ನ ಸ್ಟುಡಿಯೋದ ಫೋಟೋ ನೋಡಿ ಒಪ್ಪಿಕೊಂಡು, ಹೋದ ಮೇಲೆ ಹುಬ್ಬೇರಿಸಿದವರು ಎಷ್ಟು ಜನವೋ.

ಸುಬ್ಬೇಗೌಡರ ಹೆಂಡತಿ ಜಲಜಕ್ಕ. ಅವರ ಮಗಳು ಅನಿತಾ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಜಲಜಕ್ಕನ ತುಟಿಯ ಪಕ್ಕ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಮೆಲ್ಲಗೆ ಕೆನ್ನೆಗೆ ಹರಡಿತು, ಹಣೆಗೆ ಏರಿತು, ಕೈಬೆರಳುಗಳಿಗೆ ಇಳಿಯಿತು. ಮದ್ದು, ಪಥ್ಯ, ಹೊರನಾಡಿನ ದೇವಿಗೆ ಹರಕೆ ಎಲ್ಲ ಆಯಿತು. ಅದರ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. 'ಅದು' ಅನ್ನುತ್ತಿದ್ದರು. 'ಅದು ಜಾಸ್ತಿ ಆದ ಹಾಗಿದೆ', 'ಅದಕ್ಕೆ ಹುಳಿ ಆಗದಂತೆ', ಹೀಗೆ. ಜಲಜಕ್ಕ ಬಾಯಿಗೆ ಬೀಗ ಹಾಕಿಕೊಳ್ಳುವ ಪೈಕಿ ಅಲ್ಲ. ಅವರು ಇದ್ದ ಮನೆಯಲ್ಲಿ ರೇಡಿಯೋ ಬೇಡ ಅಂತ ಗೌಡರೇ ಹೇಳುತ್ತಿದ್ದರು. ಆದರೆ ಕ್ಯಾಮೆರಾ ಕಂಡರೆ ಮಾತ್ರ ಅಡುಗೆಮನೆ ಸೇರಿಬಿಡುವರು. ನಾನು ತೆಗೆದ ಎಷ್ಟೋ ಮದುವೆ ಆಲ್ಬಮ್ಮುಗಳಲ್ಲಿ ಬಾಗಿಲ ಸಂದಿಯಲ್ಲಿ ಅವರ ಸೆರಗಿನ ತುದಿ ಇದೆ, ಅವರು ಇಲ್ಲ.

ಆದರೆ ಪಾಸ್‌ಪೋರ್ಟಿಗೆ ಸೆರಗಿನ ತುದಿ ಸಾಲದು. ಕಾಫಿ ಕುಯ್ಲು ಶುರುವಾಗುವ ಮುಂಚೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಬಂದರು. ಕೂತರು, ದೀಪ ಹೊತ್ತಿಸಿದೆ, ತೆಗೆದೆ. ಆಗ ಕಪ್ಪು ಬಿಳುಪು ಫೋಟೋ ನಡೆಯುತ್ತಿತ್ತು. ಮರುವಾರ ಬಂದಾಗ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದೆಂತ ಮಾರಾಯ, ಇಲ್ಲಿ ನನ್ನ ಮುಖ ಬೆಳ್ಳಗೆ, ಅದು ಮಾತ್ರ ಕಪ್ಪು."

"ನೆಗೆಟಿವ್ ಅಲ್ವಾ ಅಕ್ಕ, ಎಲ್ಲ ಉಲ್ಟಾ."

"ಉಲ್ಟಾ ಮಾಡಿದ್ರೂ ಅದು ನನ್ನ ಬಿಡದಿಲ್ಲ ಅನ್ನು."

ಅಭ್ಯಾಸಬಲದಿಂದ "ಟಚಿಂಗ್ ಮಾಡ್ಲಾ ಅಕ್ಕ?" ಅಂದೆ.

"ಮಾಡದೆ ಮತ್ತೆ? ನೀನು ಟಚಿಂಗ್ ಮಾಡಿದ ಮುಖಕ್ಕೂ ನಾನು ಪೌಡರ್ ಮೆತ್ಕಂಡ ಮುಖಕ್ಕೂ ತಾಳೆ ಆಗ್ಬೇಕು, ನೋಡು. ಇಲ್ದಿದ್ರೆ ಏರ್‌ಪೋರ್ಟಲ್ಲಿ ಹಿಡಿದು ಕೂರಿಸ್ತಾರೆ. ಬಿಡಿಸ್ಕಂಡು ಬರಕ್ಕೆ ನೀನೇ ಬರ್ಬೇಕಾಗ್ತದೆ."

ತಮಾಷೆಯಾಗಿಯೇ ಹೇಳಿದರು, ನಾನೂ ನಕ್ಕೆ. ಕುಂಚ ಹಿಡಿದು ಕೂತಾಗ ನಗು ಬರಲಿಲ್ಲ. ಆ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದವನು ಆ ಊರಿನಲ್ಲಿ ನಾನೊಬ್ಬನೇ ಇರಬೇಕು. ನೋಡಲು ಚಂದದ ಮುಖ ಅದು.

ಕುಯ್ಲು ಮುಗಿಯಿತು, ಅನಿತಾಳಿಗೆ ಸಕಲೇಶಪುರದ ಕಡೆಯ ಹುಡುಗನ ಜೊತೆ ನಿಶ್ಚಿತಾರ್ಥವೂ ಆಯಿತು. ಮದುವೆ ಮೇ ತಿಂಗಳಲ್ಲಿ. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ "ಹುಡುಗಿ ತಾಯಿ ಎಲ್ಲಿ?" ಅಂತ ನಾನು ಕರೆದರೆ, ಜಲಜಕ್ಕ ಒಳಗಿನಿಂದಲೇ ಪಾಯಸ ತಳ ಹಿಡೀತದೆ ಅಂದರು. ಆಮೇಲೆ ಸುದ್ದಿ ಗೊತ್ತಾಯಿತು. ಮದುವೆಯಲ್ಲಿ ಧಾರೆ ಎರೆಯಲು ತಾನು ನಿಲ್ಲುವುದಿಲ್ಲ, ತನ್ನ ಓರಗಿತ್ತಿ ರತ್ನ ಮತ್ತು ಅವಳ ಗಂಡ ನಿಂತು ಎರೆಯಲಿ ಅಂತ ಜಲಜಕ್ಕ ತೀರ್ಮಾನ ಮಾಡಿಬಿಟ್ಟಿದ್ದರು. ಧಾರೆಯ ಫೋಟೋ ಆಲ್ಬಮ್ಮಿನಲ್ಲಿ ದೊಡ್ಡದಾಗಿ ಬರುತ್ತದೆ. ಆಲ್ಬಮ್ಮು ಗಂಡಿನ ಊರಿನಲ್ಲಿ ಮನೆಯಿಂದ ಮನೆಗೆ ತಿರುಗುತ್ತದೆ. ಪ್ರತಿ ಮನೆಯಲ್ಲೂ ಒಬ್ಬರು ಬೆರಳಿಟ್ಟು 'ಇವ್ರಿಗೆ ಎಂತದು ಅದು, ಮಗಳಿಗೂ ಬರದಿಲ್ವಾ' ಅನ್ನುತ್ತಾರೆ. ಇದು ಜಲಜಕ್ಕನ ಲೆಕ್ಕ. ಗೌಡರು ಎರಡು ಸಲ ಗದರಿದರು, ಮೂರನೇ ಸಲ ಸುಮ್ಮನಾದರು. ರತ್ನಕ್ಕ ಬೇಡವೆಂದೂ ಹೇಳಲಾರದೆ, ಹೂಂ ಎಂದೂ ಹೇಳಲಾರದೆ ಒದ್ದಾಡುತ್ತಿದ್ದರು.

ಏಪ್ರಿಲ್‌ನಲ್ಲಿ ನಾವು ಹೊರಡುವ ಬೆಳಿಗ್ಗೆ ವ್ಯಾನು ಗೌಡರ ಮನೆಯ ಕಣದಲ್ಲಿ ನಿಂತಿತ್ತು. ಅನಿತಾ ನನಗೆ ಕಾಫಿ ತಂದು ಕೊಟ್ಟಳು.

"ಅಣ್ಣ, ಅಮ್ಮನ್ದು ಒಂದು ಫೋಟೋ ತೆಗ್ದು ತನ್ನಿ" ಅಂದಳು. "ಟಚಿಂಗ್ ಮಾಡದೆ ಇರದು. ಹೆಂಗಾದ್ರೂ ಒಂದು."

"ತೆಗೆಸ್ಕೊಳಲ್ಲ ಕಣಮ್ಮ ಅವ್ರು."

"ಗೊತ್ತು. ಧಾರೇಲಿ ಅಮ್ಮ ನಿಲ್ಲದಿಲ್ಲ ಅಂದ್ರೆ ನಂಗೆ ಆಲ್ಬಮ್ಮೇ ಬೇಡ. ನಾನು ಹೇಳಿದ್ರೆ ಕೇಳದಿಲ್ಲ. ಹೊರಗಿನ ಊರಲ್ಲಿ ಯಾರಿಗೂ ಅಮ್ಮ ಯಾರು ಅಂತ ಗೊತ್ತಿರದಿಲ್ಲ ಅಲ್ವಾ, ಅಲ್ಲಾದ್ರೂ..." ಅಂದು ಕಪ್ಪು ಈಸಿಕೊಂಡು ಒಳಗೆ ಹೋದಳು. ಕಣ್ಣು ಒದ್ದೆಯಾದದ್ದು ಕಾಣಬಾರದು ಅಂತ ಹೋದದ್ದು.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಗೌಡರ ಎದೆಯಲ್ಲಿ ಕೂತದ್ದು ಬೇರೆ. ಆ ವರ್ಷ ಹೂಮಳೆ ಸರಿಯಾಗಿ ಬಿದ್ದು ಗಿಡಗಳೆಲ್ಲ ಹೂವಾಗಿ ಮುಗಿದಿದ್ದವು. ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಬಂದಿರಲಿಲ್ಲ. ಅದು ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ನಮ್ಮವರು ವಿಮಾನ ಹತ್ತುವಾಗಲೂ ಕಿಟಕಿಯಲ್ಲಿ ನೋಡಿದ್ದು ಮೋಡವನ್ನೇ. ಕಾಫಿ ಸೀಮೆಯಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಇಬ್ಬರು ಬೆಳೆಗಾರರು ಎದುರಾದರೆ ಊಟ ಆಯ್ತಾ ಅನ್ನುವ ಮುಂಚೆ ನಿಮ್ಮಲ್ಲಿ ಎಷ್ಟು ಸೆಂಟು ಅನ್ನುತ್ತಾರೆ. ಬ್ಯಾಂಕಾಕಿನ ಹೋಟೆಲು ಸೇರಿದ ಕೂಡಲೇ ಗೌಡರು ಮಾಡಿದ ಮೊದಲ ಕೆಲಸ ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್.

"ರೈಟ್ರೇ, ಎಷ್ಟು ಸೆಂಟು?"

"ಮೋಡ ಆಗಿದೆ ಸಾರ್. ಬಿದ್ದಿಲ್ಲ."

ಮರುದಿನವೂ ಇದೇ ಮಾತು. ಅರಮನೆ ನೋಡಿದರೂ ಬುದ್ಧನನ್ನು ನೋಡಿದರೂ ಗೌಡರ ಮುಖದಲ್ಲಿ ಕಳೆಯಿಲ್ಲ. ಜಲಜಕ್ಕ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಕನ್ನಡಿ ಮುಂದೆ ಕೂತು, ಹಣೆಯಿಂದ ಕತ್ತಿನವರೆಗೆ ದಪ್ಪಗೆ ಬಣ್ಣ ಪೌಡರು ಹಚ್ಚಿಕೊಂಡು ಬರುತ್ತಿದ್ದರು. ಬ್ಯಾಂಕಾಕಿನಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟು ನೋಡಿ, ಮುಖ ನೋಡಿ, ಠಸ್ಸೆ ಒತ್ತಿ ಬಿಟ್ಟಿದ್ದ. ನನ್ನ ಮಸಿಯೂ ಅವರ ಪೌಡರೂ ತಾಳೆಯಾಗಿದ್ದವು. ನಾನು ಕ್ಯಾಮೆರಾ ಎತ್ತಿದ ಕಡೆಯಲ್ಲೆಲ್ಲ ಅವರು ಇನ್ನೊಬ್ಬರ ಬೆನ್ನಿಗೆ ಸರಿಯುತ್ತಿದ್ದರು. ಫೋಟೋ ತೆಗೆಯುವವನಿಗೆ ಅಷ್ಟು ನಯವಾಗಿ ತಪ್ಪಿಸಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ.

ಉತ್ತರದ ಚಿಯಾಂಗ್ ಮಾಯ್ ತಲುಪಿದಾಗ ಅಲ್ಲಿ ಹೊಸ ವರ್ಷದ ಹಬ್ಬ. ಸೊಂಗ್ಕ್ರಾನ್ ಅಂತ ಅದರ ಹೆಸರು, ನಮ್ಮ ಸಂಕ್ರಾಂತಿಯೇ ಅಂತ ಗೈಡು ವಿವರಿಸಿದ. ಸಂಕ್ರಾಂತಿ ಕಳೆದು ತಿಂಗಳುಗಟ್ಟಲೆ ಆಯ್ತಲ್ಲ ಮಾರಾಯ, ಇವ್ರಿಗೆ ಈಗ ಸುದ್ದಿ ಮುಟ್ಟಿತಾ ಅಂತ ಗೌಡರು ಕೇಳಿದರು. ಊರ ಸುತ್ತ ಹಳೆಯ ಕೋಟೆಯ ಕಂದಕ, ತುಂಬ ನೀರು. ಇಡೀ ಊರಿಗೆ ಊರೇ ಅದರ ದಡದಲ್ಲಿ ಬಕೆಟ್ಟು, ತಂಬಿಗೆ, ಪಿಚಕಾರಿ ಹಿಡಿದು ನಿಂತಿತ್ತು. ಹೋಗುವವರ ಮೇಲೆಲ್ಲ ನೀರು. ಪೊಲೀಸಿನವನ ಮೇಲೂ ನೀರು, ಬೈಕಿನಲ್ಲಿ ಮೂಟೆ ಹೊತ್ತವನ ಮೇಲೂ ನೀರು. ನೀರು ಬಿದ್ದವನು ಬೈಯುವುದಿಲ್ಲ, ಕೈಮುಗಿಯುತ್ತಾನೆ. ಇದೆಂತ ಜನವೋ ಅಂತ ನಾನು ಹೋಟೆಲಿನ ಬಾಗಿಲಲ್ಲೇ ನಿಂತೆ. ನನಗೆ ಚಿಂತೆ ಕ್ಯಾಮೆರಾದ್ದು. ಅದಕ್ಕೆ ಗೌಡರ ಹತ್ತಿರ ಉಪಾಯ ಇತ್ತು. ಅಲ್ಲಿನ ತೋಟದವರಿಗೆ ತೋರಿಸಲು ನಮ್ಮ ಕಾಫಿ ನರ್ಸರಿಯ ಪ್ಲಾಸ್ಟಿಕ್ ಚೀಲ ತಂದಿದ್ದರು, ಸಸಿ ಎಬ್ಬಿಸಲು ಮಣ್ಣು ತುಂಬುತ್ತಾರಲ್ಲ, ಅದು. ಒಂದರ ಮೇಲೊಂದು ಎರಡು ಚೀಲ ಹಾಕಿ, ಲೆನ್ಸಿಗೆ ಮಾತ್ರ ಕಿಂಡಿ ಬಿಟ್ಟು, ಬಾಳೆನಾರಿನ ಹಾಗೆ ಏನೋ ಒಂದರಿಂದ ಬಿಗಿಯಾಗಿ ಕಟ್ಟಿಕೊಟ್ಟರು. ನರ್ಸರಿ ಚೀಲಕ್ಕೆ ನೀರು ಇಳಿಯಲಿ ಅಂತ ಸುತ್ತ ತೂತು ಹೊಡೆದಿರುತ್ತಾರೆ ಎಂಬುದು ಹುಟ್ಟಿದಾರಭ್ಯ ಕಾಫಿ ಬೆಳೆದ ಅವರಿಗೂ ನೆನಪಾಗಲಿಲ್ಲ, ಅದನ್ನು ನೋಡುತ್ತಲೇ ಬೆಳೆದ ನನಗೂ ನೆನಪಾಗಲಿಲ್ಲ.

ಕಂದಕದಿಂದ ಸ್ವಲ್ಪ ಒಳಗೆ ಒಂದು ಓಣಿ. ಅಲ್ಲಿ ಗಲಾಟೆ ಕಡಿಮೆ. ಒಂದು ಮನೆಯೆದುರು ಕುರ್ಚಿಯಲ್ಲಿ ಹಣ್ಣು ಹಣ್ಣು ಮುದುಕಿ ಕೂತಿದ್ದರು, ಎರಡೂ ಅಂಗೈ ಮುಂದಕ್ಕೆ ಚಾಚಿ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಒಬ್ಬೊಬ್ಬರೇ ಬಂದು ಮಂಡಿಯೂರಿ, ಬೆಳ್ಳಿ ಬಟ್ಟಲಿನಿಂದ ಮಲ್ಲಿಗೆ ತೇಲುವ ನೀರನ್ನು ಆ ಅಂಗೈಗಳ ಮೇಲೆ ಎರೆಯುತ್ತಿದ್ದರು. ಅಜ್ಜಿ ಏನೋ ಹರಸುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಬಟ್ಟಲಿನಲ್ಲಿ ಬಿಳಿ ಮಣ್ಣಿನ ಪುಡಿ ಕಲಸಿಟ್ಟಿದ್ದರು. ನೀರು ಎರೆದವರ ಕೆನ್ನೆಗೆ ಅದನ್ನು ಬಳಿಯುವುದು. ನಮ್ಮವರೆಲ್ಲ ನೋಡುತ್ತಾ ನಿಂತರು.

ನಾನು ನೋಡುತ್ತಾ ನಿಲ್ಲಲಿಲ್ಲ. ಕುರ್ಚಿಯಲ್ಲಿ ಹಿರಿಯರು, ಸುತ್ತ ಮನೆಮಂದಿ. ಇದಕ್ಕಿಂತ ಸರಿಯಾದ ಗ್ರೂಪ್ ಫೋಟೋ ಬೇಕೇ? "ನೀವು ಈಚೆ ಬನ್ನಿ, ನೀವು ಹಿಂದೆ, ಮಕ್ಕಳು ಕೆಳಗೆ ಕೂತ್ಕೊಳ್ಳಿ" ಅಂತ ಕನ್ನಡದಲ್ಲೇ ಶುರುಮಾಡಿದೆ, ಕೈಸನ್ನೆ ಧಾರಾಳ. ಅವರು ಪಾಪ, ಇದು ಇಂಡಿಯಾದವರ ಹಬ್ಬದ ಪದ್ಧತಿ ಇರಬೇಕೆಂದು ತಿಳಿದು ಹೇಳಿದ ಹಾಗೆ ಸಾಲಾಗಿ ನಿಂತು, ಗಂಭೀರವಾಗಿ ಕೈಮುಗಿದರು. ಬೀದಿಯಲ್ಲಿ ಹೋಗುತ್ತಿದ್ದವರೂ ಬಂದು ಸಾಲಿನ ಕೊನೆಗೆ ಸೇರಿಕೊಂಡರು. ಚಿಯಾಂಗ್ ಮಾಯ್ ಬೀದಿಯಲ್ಲಿ ಮೂಡಿಗೆರೆಯ ಮದುವೆ ಗ್ರೂಪು ಸಿದ್ಧವಾಯಿತು. ಜಲಜಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು. ಕ್ಯಾಮೆರಾದ ಹಿಂದೆ ಇರುವುದೇ ಭದ್ರ ಅಂತ ಅವರ ಲೆಕ್ಕ.

"ರೆಡೀ" ಅಂದೆ. ಹಿಂದಿನಿಂದ ಒಂದು ಗಾಡಿ ಬಂದದ್ದು ನನಗೆ ಕೇಳಲಿಲ್ಲ. ಅದರ ಮೇಲಿದ್ದ ಹುಡುಗರು ಇಡೀ ಡ್ರಮ್ಮನ್ನೇ ಎತ್ತಿ ನಮ್ಮ ಮೇಲೆ ಬೋರಲು ಹಾಕಿದರು.

ಐಸು ಹಾಕಿದ ನೀರು. ನನಗೆ ಒಂದು ನಿಮಿಷ ಉಸಿರೇ ಬರಲಿಲ್ಲ. ಸಾಲಿನವರು ಹೋ ಅಂತ ಚದುರಿದರು. ಗೌಡರ ಹ್ಯಾಟು ಚರಂಡಿಯಲ್ಲಿ ತೇಲಿಕೊಂಡು ಹೋಯಿತು. ತಿರುಗಿ ನೋಡಿದರೆ ಜಲಜಕ್ಕ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಹಚ್ಚಿದ್ದ ಬಣ್ಣವೆಲ್ಲ ಕೆಸರಿನ ಹಾಗೆ ಕತ್ತಿಗೆ ಇಳಿದಿತ್ತು. ಮುಖ ಪೂರ್ತಿ ತೊಳೆದು ಹೋಗಿತ್ತು. ಸೆರಗು ಎಳೆದುಕೊಂಡರು, ಅದು ನೀರಿಗೆ ಮೈಗಂಟಿ ಬರಲಿಲ್ಲ. ಎರಡೂ ಕೈಯಿಂದ ಮುಚ್ಚಿಕೊಂಡರು, ಕೈಯ ಮೇಲೂ ಅದೇ ಇತ್ತು. ಎಷ್ಟೋ ವರ್ಷದಿಂದ ಬಾಯಿಮಾತಿನಲ್ಲಿ ಕೇಳಿದ್ದನ್ನು ನಮ್ಮ ಹೆಂಗಸರು ಅವತ್ತು ಕಣ್ಣಲ್ಲಿ ಕಂಡರು, ಕಂಡು ಬೇರೆ ಕಡೆ ನೋಡಿದರು. ಟೂರಿಗೆ ಜೊತೆಗೇ ಬಂದಿದ್ದ ರತ್ನಕ್ಕ ತನ್ನ ಒದ್ದೆ ಟವಲನ್ನೇ ಹಿಂಡಿ ಹಿಂಡಿ ಕೊಡಲು ನೋಡುತ್ತಿದ್ದರು. ನನಗೆ ಅಳು ಬಂದಂತಾಯಿತು. ಈ ಊರಿಗೆ ಯಾಕಾದರೂ ಬಂದೆವೋ ಅನ್ನಿಸಿತು.

ಆಗ ಅಜ್ಜಿ ಕುರ್ಚಿಯಿಂದ ಕೈ ಮಾಡಿ ಕರೆದರು. ಜಲಜಕ್ಕ ಅಲುಗಲಿಲ್ಲ. ಅಜ್ಜಿ ಮತ್ತೆ ಕರೆದರು, ಈ ಸಲ ಸ್ವಲ್ಪ ಗದರಿದ ಹಾಗೆ. ಹಿರಿಯರು ಗದರಿದರೆ ಯಾವ ಭಾಷೆಯಾದರೂ ತಿಳಿಯುತ್ತದೆ. ಜಲಜಕ್ಕ ಮೆಲ್ಲಗೆ ಹೋಗಿ ಎದುರಿಗೆ ಕೂತರು. ಅಜ್ಜಿ ಅವರ ಕೈಗಳನ್ನು ಮುಖದಿಂದ ಬಿಡಿಸಿದರು. ನೋಡಿದರು. ಬಟ್ಟಲಿಗೆ ಬೆರಳದ್ದಿ, ಎಲ್ಲರಿಗೂ ಬಳಿದ ಹಾಗೆಯೇ ಎರಡೂ ಕೆನ್ನೆಗೆ ಬಳಿದರು, ಮೂಗಿನ ತುದಿಗೂ ಒಂದಿಷ್ಟು ಇಟ್ಟರು. ಆಮೇಲೆ ಬಟ್ಟಲನ್ನು ಅವರ ಕೈಗೇ ಕೊಟ್ಟು ತಮ್ಮ ಸುಕ್ಕು ಕೆನ್ನೆಯನ್ನು ಮುಂದೆ ಮಾಡಿದರು.

ಜಲಜಕ್ಕ ಆ ಬಿಳಿ ಬೆರಳುಗಳಿಂದ ಅಜ್ಜಿಯ ಕೆನ್ನೆಗೆ ಬಳಿದರು. ತಲೆಯೆತ್ತಿ ಸುತ್ತ ನೋಡಿದರು. ಓಣಿಯಲ್ಲಿ ಇದ್ದವರೆಲ್ಲರ ಮುಖವೂ ಮಚ್ಚೆ ಮಚ್ಚೆ. ಹಣೆ ಬಿಳಿ, ಗಲ್ಲ ಕಂದು. ಅರ್ಧ ಕೆನ್ನೆ ಬಿಳಿ, ಅರ್ಧ ಅಲ್ಲ. ಯಾರ ಮುಖ ಯಾರದೆಂದು ಹೇಳುವ ಹಾಗಿರಲಿಲ್ಲ. ಜಲಜಕ್ಕ ಬಟ್ಟಲು ಹಿಡಿದು ಎದ್ದವರೇ ನೇರ ರತ್ನಕ್ಕನ ಹತ್ತಿರ ಹೋಗಿ ಎರಡೂ ಕೆನ್ನೆಗೆ ಬಳಿದುಬಿಟ್ಟರು. ಆಮೇಲೆ ನಮ್ಮ ಗುಂಪಿನ ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ಗಂಡನ ಬೋಳುತಲೆಯ ಮೇಲೆ ಉಳಿದದ್ದನ್ನೆಲ್ಲ ಸುರಿದು ತಟ್ಟಿದರು.

"ಎಷ್ಟು ಸೆಂಟು ರೀ?" ಅಂದರು.

"ಒಂದೂವರೆ ಇಂಚು ಆಯ್ತು" ಅಂದರು ಗೌಡರು, ಬನಿಯನ್ ಹಿಂಡುತ್ತಾ.

ಅದಕ್ಕೆ ಜಲಜಕ್ಕ ನಕ್ಕರು ನೋಡಿ. ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ. ಅವರು ನಗುವುದನ್ನು ನಾನು ಎಷ್ಟೋ ಸಲ ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿದ್ದೆ, ನೋಡಿರಲಿಲ್ಲ.

"ತೆಗಿಯಾ ಮಾರಾಯ, ಎಂತ ಬಾಯಿ ಬಿಟ್ಕಂಡು ನಿಂತಿದೀಯ?"

ಕ್ಯಾಮೆರಾ ಎತ್ತಿದೆ. ಬಾಯಿಗೆ ಬಂದದ್ದು ಅದೇ ಹಳೆಯ ಮಾತು. "ಅಲುಗಾಡ್ಬೇಡಿ ಅಕ್ಕ" ಅಂದೆ.

"ಅಲುಗಾಡದೆ ಇರಕ್ಕೆ ನಾನೇನು ಗೋಡೆಯಾ?" ಅಂದರು, ಮತ್ತೆ ನಕ್ಕರು, ಆ ನಗುವಿನ ಮಧ್ಯೆ ಯಾರೋ ಎರಚಿದ ನೀರು ಗಾಳಿಯಲ್ಲಿರುವಾಗಲೇ ನಾನು ಒತ್ತಿದೆ.

ಎರಡನೆಯದಕ್ಕೆ ರೋಲು ತಿರುಗಿಸಿದರೆ ಕ್ಯಾಮೆರಾ ಕಪ್ಪೆಯ ಹಾಗೆ ವಟಗುಟ್ಟಿ ನಿಂತಿತು. ಚೀಲ ಬಿಚ್ಚಿದಾಗ ಒಳಗಿನಿಂದ ನೀರು ಸುರಿಯಿತು. ನರ್ಸರಿ ಚೀಲದ ತೂತುಗಳನ್ನು ಗೌಡರೂ ನಾನೂ ಒಟ್ಟಿಗೇ ನೋಡಿದೆವು. ಅವರು ತಲೆ ಕೆರೆದುಕೊಂಡರು, ಉಗುರಿಗೆ ಬಿಳಿ ಮಣ್ಣು ಬಂತು.

ನಾನು ಕ್ಯಾಮೆರಾ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಗ ಅಜ್ಜಿಯ ಮೊಮ್ಮಗಳು ಜಲಜಕ್ಕನನ್ನೂ ಕುರ್ಚಿಯಲ್ಲಿ ಕೂರಿಸಿ ಅವರ ಅಂಗೈಗೆ ಮಲ್ಲಿಗೆ ನೀರು ಎರೆದಳು. ವಯಸ್ಸಿನಲ್ಲಿ ಅನಿತಾಳಷ್ಟೇ ಇದ್ದಳು. ಜಲಜಕ್ಕ ಬೆರಳ ಸಂದಿಯಿಂದ ಇಳಿಯುವ ನೀರನ್ನೇ ನೋಡುತ್ತಿದ್ದರು.

"ಧಾರೆ ಎರೆದ ಹಂಗೇ ಇದೆಯಲ್ಲೇ ರತ್ನ" ಅಂದರು. ರತ್ನಕ್ಕ ಹೂಂ ಅಂದರು.

ಅವತ್ತು ಸಂಜೆ ಫೋನಿನಲ್ಲಿ ರೈಟರು "ಒಂದು ಇಂಚು ಹತ್ತು ಸೆಂಟು ಸಾರ್, ಗುಡುಗು ಸಮೇತ" ಅಂದರು. ಗೌಡರು ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗನ ಕೈ ಹಿಡಿದು ಕುಲುಕಿದರು. ಅವನು ಹ್ಯಾಪಿ ನ್ಯೂ ಇಯರ್ ಅಂದ.

ಊರಿಗೆ ಮರಳುವ ದಿನ ಜಲಜಕ್ಕ ಪೌಡರ್ ಹಚ್ಚದೆ ಬಂದರು. ಡಬ್ಬ 'ಒದ್ದೆಯಾಯ್ತು' ಅಂದರು. ಏರ್‌ಪೋರ್ಟಿನಲ್ಲಿ ಹಿಡಿದು ಕೂರಿಸುವ ಮಾತು ನೆನಪಾಗಿ ನಾನು ಅವರ ಬೆನ್ನಿಗೇ ಸಾಲಿನಲ್ಲಿ ನಿಂತೆ. ಹೆದರಿದ ಹಾಗೆಯೇ ಆಯಿತು. ಅಧಿಕಾರಿ ಪಾಸ್‌ಪೋರ್ಟು ನೋಡಿದ, ಮುಖ ನೋಡಿದ, ಮತ್ತೆ ಪಾಸ್‌ಪೋರ್ಟು ನೋಡಿದ. ನನ್ನ ಕುಂಚದ ಕೆಲಸ ಅಲ್ಲಿ ನಯವಾಗಿ ಕೂತಿತ್ತು.

"ಅದು ಟಚಿಂಗು" ಅಂದರು ಜಲಜಕ್ಕ ಕನ್ನಡದಲ್ಲಿ, ನನ್ನತ್ತ ಬೆರಳು ಮಾಡಿ. "ಇವನೇ ಮಾಡಿದ್ದು."

ಸರಿ, ಇವತ್ತು ನನ್ನನ್ನೇ ಕೂರಿಸುತ್ತಾರೆ ಅಂದುಕೊಂಡೆ. ಅಧಿಕಾರಿ ಮುಗುಳ್ನಕ್ಕ. ತನ್ನ ಕೆನ್ನೆಯನ್ನು ತಾನೇ ಒರೆಸಿ ತೋರಿಸಿ, ಹಬ್ಬದ ಪುಡಿ ಇನ್ನೂ ಹೋಗಿಲ್ಲ ಎಂಬಂತೆ ಸನ್ನೆ ಮಾಡಿ, ಠಸ್ಸೆ ಒತ್ತಿದ. ಜಲಜಕ್ಕ ವಿಮಾನದಲ್ಲಿ ಕೂತ ಮೇಲೂ ನಗುತ್ತಿದ್ದರು. "ಹೋಗದಿಲ್ಲ ಕಣಪ್ಪ ಇದು, ಗಟ್ಟಿ ಬಣ್ಣ" ಅಂತ ತಮಗೆ ತಾವೇ ಹೇಳಿಕೊಂಡರು. ಎಷ್ಟೋ ವರ್ಷದ ಮೇಲೆ ಅವರು 'ಅದು' ಅನ್ನದೆ 'ಇದು' ಅಂದದ್ದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು.

ನೀರು ಕುಡಿದ ರೋಲನ್ನು ಕತ್ತಲೆಕೋಣೆಯಲ್ಲಿ ಬಿಡಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಚಿಕ್ಕಮಗಳೂರಿನ ಕಲರ್ ಲ್ಯಾಬಿಗೆ ಒಯ್ದೆ. ಇದರಲ್ಲಿ ಏನೂ ಬರುವುದಿಲ್ಲ, ಆಸೆ ಬಿಡಿ ಅಂದರು. ಹೊರಗೆ ಬೆಂಚಿನ ಮೇಲೆ ಕೂತು ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ. ಗುಡ್ಡ, ಅರಮನೆ, ಬುದ್ಧ, ಎಲ್ಲ ಹಾಳಾಗಿತ್ತು. ಕೊನೆಯದೊಂದು ಬಂದಿತ್ತು. ಬಂದದ್ದೂ ಪೂರ್ತಿ ಸರಿಯಾಗಿ ಅಲ್ಲ, ಫಿಲ್ಮಿನ ಮೇಲೆ ನೀರು ಕೂತಲ್ಲೆಲ್ಲ ಸಣ್ಣ ಬಿಳಿ ಚುಕ್ಕಿ. ಆದರೆ ಜಲಜಕ್ಕ ಇದ್ದರು. ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು.

ದೊಡ್ಡ ಪ್ರಿಂಟು ಎರಡು ಹಾಕಿಸಿ ಒಂದನ್ನು ಗೌಡರ ಮನೆಗೆ ಕೊಂಡುಹೋದೆ. ಅನಿತಾ ನೋಡಿ ಅಮ್ಮನ ಕೈಗೆ ಕೊಟ್ಟಳು. ಜಲಜಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದರಲ್ಲಿ ಪೌಡರ್ ಯಾವ್ದು, ನೀರಿನ ಕಲೆ ಯಾವ್ದು, ನನ್ದು ಯಾವ್ದು?" ಅಂದರು.

"ಗೊತ್ತಾಗಲ್ಲ ಅಕ್ಕ" ಅಂದೆ. ನಿಜವಾಗಿ ಗೊತ್ತಾಗುತ್ತಿರಲಿಲ್ಲ.

ಅವರು ಫೋಟೋ ಎತ್ತಿಕೊಂಡು ಒಳಗೆ ಹೋದರು. ಧಾರೆಯ ವಿಷಯ ಯಾರೂ ಎತ್ತಲಿಲ್ಲ. ಅನಿತಾ ನನ್ನನ್ನು ನೋಡಿದಳು, ನಾನು ಹೆಂಚಿನ ಮಾಡನ್ನು ನೋಡಿದೆ.

ಮದುವೆ ದಿನ ಮುಹೂರ್ತದ ಹೊತ್ತಿಗೆ ರತ್ನಕ್ಕ ಮತ್ತು ಅವರ ಯಜಮಾನರು ಮಡಿಯುಟ್ಟು ಮಂಟಪದ ಪಕ್ಕ ಸಿದ್ಧವಾಗಿ ಕೂತಿದ್ದರು. ನಾನು ಫ್ಲ್ಯಾಶ್ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೆ. ಮದುಮಗಳು ತಲೆ ಬಗ್ಗಿಸಿದವಳು ಎತ್ತಿರಲಿಲ್ಲ. ಭಟ್ಟರು "ಧಾರೆಗೆ ಹೆಣ್ಣಿನ ತಂದೆ ತಾಯಿ ಬನ್ನಿ" ಅಂದರು. ರತ್ನಕ್ಕ ಏಳಲಿಲ್ಲ. ಗಂಡ ಏಳಲು ಹೊರಟರೆ ಪಂಚೆಯ ಅಂಚು ಹಿಡಿದು ಕೂರಿಸಿದರು. ಅವರಿಗೆ ಮೊದಲೇ ಗೊತ್ತಿತ್ತೋ, ಅಥವಾ ಗೊತ್ತಿಲ್ಲದೆಯೂ ಕಾಯುವ ಧೈರ್ಯ ಮಾಡಿದರೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಒಳಗಿನಿಂದ ಜಲಜಕ್ಕ ಧಾರೆಯ ಗಿಂಡಿ ಹಿಡಿದು ಬಂದರು. ಮುಖ ತೊಳೆದು ಕುಂಕುಮ ಇಟ್ಟಿದ್ದರು, ಮತ್ತೇನೂ ಇಲ್ಲ. ಹಿಂದೆ ಗೌಡರು, ಪೇಟ ಕೈಯಲ್ಲಿ. ಗಂಡಿನ ಕಡೆಯ ಸಾಲಿನಲ್ಲಿ ಒಂದಿಬ್ಬರು ಕಿವಿಗೆ ಬಾಯಿ ಇಟ್ಟದ್ದು ಎತ್ತರದಲ್ಲಿದ್ದ ನನಗೆ ಕಂಡಿತು. ಜಲಜಕ್ಕನಿಗೂ ಕಂಡಿತು. ಅವರು ನಡೆಯುವುದು ನಿಲ್ಲಿಸಲಿಲ್ಲ. ಗಿಂಡಿ ಬಗ್ಗಿತು, ಮಚ್ಚೆಯ ಬೆರಳುಗಳ ಮೇಲಿನಿಂದ ಹಾಲು ನೀರು ಮಗಳ ಕೈಗೆ ಇಳಿಯಿತು. ಅನಿತಾ ಆಗ ತಲೆಯೆತ್ತಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಯಾರಿಗೂ ಅಲುಗಾಡಬೇಡಿ ಅನ್ನಲಿಲ್ಲ. ಕಣ್ಣು ಮಂಜಾಗಿ ಫೋಕಸ್ಸು ಸಿಗದೆ ಒದ್ದಾಡಿ ಅಂತೂ ತೆಗೆದೆ.

ಮಳೆ ಹಿಡಿಯುವ ಮುಂಚೆ ಆಲ್ಬಮ್ಮಿಗೆ ಫೋಟೋ ಆರಿಸಲು ಜಲಜಕ್ಕ ಸ್ಟುಡಿಯೋಕ್ಕೆ ಬಂದರು, ಈ ಸಲ ಅಂಗಡಿ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ. ಧಾರೆಯ ಫೋಟೋವನ್ನು ಎಲ್ಲರೆದುರು ಎತ್ತಿ ಹಿಡಿದು ನೋಡಿದರು. ಅದರಲ್ಲಿ ಅವರ ಮುಖ ಇದ್ದ ಹಾಗೆಯೇ ಇತ್ತು, ಒಂದೊಂದು ಮಚ್ಚೆಯೂ ಸ್ಪಷ್ಟ. ಪಕ್ಕದಲ್ಲಿ ಗೌಡರು ಬಗ್ಗಿ ನಿಂತಿದ್ದರು. ನನ್ನ ಫ್ಲ್ಯಾಶು ನೇರ ಅವರ ತಲೆಗೆ ಬಡಿದು ಅಲ್ಲೊಂದು ಹುಣ್ಣಿಮೆ ಮೂಡಿತ್ತು.

ಕೇಳಬಾರದು ಅಂದುಕೊಂಡರೂ ಕಸುಬಿನ ನಾಲಗೆ ಸುಮ್ಮನಿರಲಿಲ್ಲ.

"ಟಚಿಂಗ್ ಮಾಡ್ಲಾ ಅಕ್ಕ?"

"ಮಾಡು ಮಾರಾಯ" ಅಂದರು ಜಲಜಕ್ಕ. "ನಮ್ಮ ಯಜಮಾನ್ರ ತಲೆಗೆ ಒಂದಿಷ್ಟು ಕೂದಲು ಬಿಡಿಸು."